ವೇಗದ ಬೆಳವಣಿಗೆಯನ್ನು ಅಳೆಯುವುದು ಹೇಗೆ?

ಪ್ರಶ್ನೆ: ಕೆಲವು ಕಂಪನಿಗಳನ್ನು ‘ಅತಿ ವೇಗವಾಗಿ ಬೆಳೆಯುತ್ತಿರುವ ಕಂಪನಿಗಳು’ ಎಂದು ಗುರುತಿಸುತ್ತಾರೆ. ಇದಕ್ಕೆ ನಿಶ್ಚಿತ ಮಾನದಂಡವಿದೆಯೇ? ಒಂದೇ ವರ್ಷದಲ್ಲಿ ವಹಿವಾಟು ದುಪ್ಪಟ್ಟಾದರೆ ಸಾಕಾಗುವುದಿಲ್ಲವೇ?

ಉತ್ತರ: ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ, ಅಂದರೆ ಒಇಸಿಡಿ, ರೂಪಿಸಿದ ಮಾನದಂಡ ಹೆಚ್ಚು ಬಳಕೆಯಲ್ಲಿದೆ. ಆರಂಭದಲ್ಲಿ ಕನಿಷ್ಠ 10 ನೌಕರರಿದ್ದು, ಮೂರು ವರ್ಷಗಳ ಅವಧಿಯಲ್ಲಿ ನೌಕರರ ಸಂಖ್ಯೆಯಾಗಲಿ ವಹಿವಾಟಾಗಲಿ ವರ್ಷಕ್ಕೆ ಸರಾಸರಿ ಶೇ 20ಕ್ಕಿಂತ ಹೆಚ್ಚು ಬೆಳೆದಿದ್ದರೆ ಅಂಥ ಸಂಸ್ಥೆಯನ್ನು ವೇಗದ ಬೆಳವಣಿಗೆಯದೆಂದು ಪರಿಗಣಿಸಲಾಗುತ್ತದೆ. ಮೂರು ವರ್ಷ ಕಳೆಯುವಷ್ಟರಲ್ಲಿ ಇದು ಒಟ್ಟು ಶೇ 73ರ ಆಸುಪಾಸಿನ ಏರಿಕೆಯಾಗುತ್ತದೆ. ಇಬ್ಬರು ನೌಕರರಿರುವ ಕಚೇರಿಗೆ ಇನ್ನಿಬ್ಬರು ಸೇರಿದರೂ ಅದು ಶೇ 100ರ ಬೆಳವಣಿಗೆಯೇ. ಕನಿಷ್ಠ ನೌಕರರ ಷರತ್ತು ಇರುವುದು ಈ ಕಾರಣಕ್ಕೆ. ಅಕಸ್ಮಾತ್ತಾಗಿ ದೊರೆತ ಒಂದು ದೊಡ್ಡ ಗುತ್ತಿಗೆಯನ್ನೇ ಪ್ರಗತಿಯೆಂದು ಭಾವಿಸದಿರಲು ಮೂರು ವರ್ಷಗಳ ಅವಧಿ ನೆರವಾಗುತ್ತದೆ.

ಆದರೆ ನನ್ನ ದೃಷ್ಟಿಯಲ್ಲಿ ವಹಿವಾಟಿನ ಏರಿಕೆಗಿಂತ ಮುಖ್ಯವಾದ ಸೂಚಕ, ಹಳೆಯ ಗ್ರಾಹಕರಲ್ಲಿ ಎಷ್ಟು ಮಂದಿ ಉಳಿದಿದ್ದಾರೆ ಎಂಬುದು. ಎರಡು ಕಂಪನಿಗಳಿಗೆ ವರ್ಷದ ಆರಂಭದಲ್ಲಿ ತಲಾ 100 ಗ್ರಾಹಕರಿದ್ದು, ಕೊನೆಯಲ್ಲಿ ತಲಾ 200 ಗ್ರಾಹಕರಾದರು ಎಂದುಕೊಳ್ಳಿ. ಮೊದಲನೆಯದು 90 ಮಂದಿಯನ್ನು ಉಳಿಸಿಕೊಂಡು 110 ಹೊಸಬರನ್ನು ಪಡೆದಿದೆ. ಎರಡನೆಯದು 60 ಮಂದಿಯನ್ನು ಕಳೆದುಕೊಂಡು 160 ಹೊಸಬರನ್ನು ಸೇರಿಸಿದೆ. ವರದಿಯಲ್ಲಿ ಇಬ್ಬರದೂ ಒಂದೇ ಸಾಧನೆ. ಇದೇ ಪ್ರಮಾಣದಲ್ಲಿ ಗ್ರಾಹಕರು ಬಿಟ್ಟುಹೋಗುತ್ತಿದ್ದರೆ, ಮರುವರ್ಷ ಮತ್ತೆ ದುಪ್ಪಟ್ಟಾಗಲು ಮೊದಲ ಕಂಪನಿಗೆ 220 ಹೊಸಬರು ಸಾಕು, ಎರಡನೆಯದಕ್ಕೆ 320 ಮಂದಿ ಬೇಕು. ಜಾಹೀರಾತಿಗೂ ರಿಯಾಯಿತಿಗೂ ಸುರಿಯಬೇಕಾದ ಹಣ ವರ್ಷದಿಂದ ವರ್ಷಕ್ಕೆ ಏರುತ್ತಲೇ ಹೋಗುವುದರಿಂದ, ಬಂಡವಾಳದ ಹರಿವು ನಿಂತ ದಿನವೇ ಎರಡನೆಯ ಕಂಪನಿಯ ಬೆಳವಣಿಗೆಯೂ ನಿಲ್ಲುತ್ತದೆ. ಹೂಡಿಕೆ ಮಾಡುವವರು ಮತ್ತು ಉದ್ಯೋಗಕ್ಕೆ ಸೇರುವವರು ಈ ಒಂದು ಲೆಕ್ಕವನ್ನು ಕೇಳಿ ಪಡೆಯಲೇಬೇಕು.

ಪ್ರಶ್ನೆ: ಹೆಚ್ಚು ಪೇಟೆಂಟ್‌ಗಳಿದ್ದು, ಸಂಶೋಧನೆಗೆ ಹೆಚ್ಚು ಖರ್ಚು ಮಾಡುವ ಕಂಪನಿಯನ್ನು ನಾವೀನ್ಯದಲ್ಲಿ ಮುಂದಿರುವ ಕಂಪನಿ ಎನ್ನಬಹುದೇ?

ಉತ್ತರ: ಅಷ್ಟರಿಂದಲೇ ಹಾಗೆ ಹೇಳಲಾಗದು. ಸಂಶೋಧನಾ ವೆಚ್ಚವು ಹೊಸತನಕ್ಕಾಗಿ ಹಾಕಿದ ಬಂಡವಾಳವನ್ನು ಮಾತ್ರ ತೋರಿಸುತ್ತದೆ, ಪೇಟೆಂಟ್ ಒಂದು ಆವಿಷ್ಕಾರದ ಮೇಲಿನ ಹಕ್ಕನ್ನು ತೋರಿಸುತ್ತದೆ. ಬಳಕೆದಾರರಿಗೆ ಏನು ತಲುಪಿತು ಎಂಬುದು ಎರಡರಿಂದಲೂ ತಿಳಿಯುವುದಿಲ್ಲ. ನಾವೀನ್ಯವನ್ನು ಅಳೆಯಲು ಅಂತರರಾಷ್ಟ್ರೀಯವಾಗಿ ಬಳಸುವ ಓಸ್ಲೋ ಕೈಪಿಡಿಯ 2018ರ ಆವೃತ್ತಿಯೂ, ಹೊಸ ಉತ್ಪನ್ನವು ಬಳಕೆದಾರರಿಗೆ ಲಭ್ಯವಾಗಿರಬೇಕು ಅಥವಾ ಹೊಸ ಕಾರ್ಯವಿಧಾನವು ಸಂಸ್ಥೆಯಲ್ಲಿ ಜಾರಿಗೆ ಬಂದಿರಬೇಕು ಎಂದೇ ಹೇಳುತ್ತದೆ. ಕ್ಯಾಮೆರಾ ಫಿಲ್ಮ್ ತಯಾರಿಸುತ್ತಿದ್ದ ಕೊಡಾಕ್ ಕಂಪನಿಯ ಎಂಜಿನಿಯರ್ ಒಬ್ಬರು 1975ರಲ್ಲೇ ಡಿಜಿಟಲ್ ಕ್ಯಾಮೆರಾ ನಿರ್ಮಿಸಿದ್ದರು, ಕಂಪನಿಯ ಬಳಿ ಅಮೂಲ್ಯ ಪೇಟೆಂಟ್‌ಗಳೂ ಇದ್ದವು. ಆದರೂ ಫಿಲ್ಮ್‌ನ ಲಾಭವನ್ನೇ ನೆಚ್ಚಿಕೊಂಡಿದ್ದ ಅದು 2012ರಲ್ಲಿ ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು.

ಕಳೆದ ಮೂರರಿಂದ ಐದು ವರ್ಷಗಳಲ್ಲಿ ಬಿಡುಗಡೆಯಾದ ಉತ್ಪನ್ನಗಳಿಂದ ಒಟ್ಟು ಆದಾಯದ ಎಷ್ಟು ಪಾಲು ಬರುತ್ತಿದೆ ಎಂಬುದನ್ನು ನಾನು ಹೆಚ್ಚು ನಂಬುತ್ತೇನೆ. ಹಳೆಯ ಸರಕಿಗೆ ಹೊಸ ಹೊದಿಕೆ ತೊಡಿಸಿ ಈ ಪಾಲನ್ನು ಹಿಗ್ಗಿಸಲು ಸಾಧ್ಯವಿರುವುದರಿಂದ, ‘ಹೊಸದು’ ಎಂದು ಕಂಪನಿ ಯಾವುದನ್ನು ಕರೆಯುತ್ತಿದೆ ಎಂಬುದನ್ನು ಮೊದಲು ಪರಿಶೀಲಿಸಬೇಕು.

ಪ್ರಶ್ನೆ: ನಷ್ಟದಲ್ಲಿರುವ ಕಂಪನಿಯನ್ನೂ ಬೆಳೆಯುತ್ತಿದೆ ಎನ್ನುವುದು ಸರಿಯೇ?

ಉತ್ತರ: ಸರಿ, ಆದರೆ ಒಂದು ಷರತ್ತಿನ ಮೇಲೆ. ಒಬ್ಬ ಗ್ರಾಹಕನನ್ನು ಸೆಳೆಯಲು ತಗಲುವ ವೆಚ್ಚಕ್ಕಿಂತ, ಅವನಿಗೆ ಸೇವೆ ಒದಗಿಸುವ ಖರ್ಚು ಕಳೆದು ಅವನಿಂದ ಕಾಲಾಂತರದಲ್ಲಿ ಉಳಿಯುವ ಹಣ ಹೆಚ್ಚಾಗಿರಬೇಕು. ಪ್ರತಿ ಮಾರಾಟದಲ್ಲೂ ಹಣ ಕಳೆದುಕೊಳ್ಳುವ ಕಂಪನಿಗೆ ಮಾರಾಟ ಹೆಚ್ಚಿದಷ್ಟೂ ನಷ್ಟವೇ ಹೆಚ್ಚುತ್ತದೆ.