ಎಕ್ಸ್‌ಎಂಎಲ್‌ನಿಂದ ಪುಟ ಮಾಡಿದಾಗ ಬಾಕ್ಸಿನಲ್ಲಿ ಬರೆದದ್ದು ಕೆಡದಂತೆ ಉಳಿಸುವುದು ಹೇಗೆ?

ನೀವು ಎರಡು ತೊಂದರೆ ಹೇಳಿದ್ದೀರಿ. ಎಕ್ಸ್‌ಎಸ್‌ಎಲ್‌ಟಿ (ಟ್ಯಾಗ್ ಹಾಕಿಟ್ಟ ಎಕ್ಸ್‌ಎಂಎಲ್ ಮಾಹಿತಿಯನ್ನು ವೆಬ್ ಪುಟವಾಗಿ ಬದಲಿಸುವ ಭಾಷೆ) ಹಾಕಿ ಪುಟ ಮಾಡಿದರೆ ಫಾರ್ಮಿನ ಬಾಕ್ಸಿನಲ್ಲಿ ಬರೆದ ಸಾಲುಗಳೆಲ್ಲ ಕೂಡಿ ಒಂದೇ ಸಾಲಾಗುತ್ತವೆ. ಬಾಕ್ಸ್ ಖಾಲಿ ಇದ್ದರೆ ಕೆಳಗಿನ ಪುಟವೆಲ್ಲ ಅದರೊಳಗೆ ಹೋಗಿ ಕೂರುತ್ತದೆ. ಎರಡೂ ನನಗೆ ಆಗಿವೆ. ಕಾರಣ ಮಾತ್ರ ಬೇರೆ ಬೇರೆ.

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವವರೊಬ್ಬರಿಗೆ ಆರ್ಡರ್ ಫಾರ್ಮ್ ಮಾಡಿಕೊಟ್ಟಿದ್ದೆ. ಷರಾ ಬಾಕ್ಸಿನಲ್ಲಿ ಅವರು ಸೈಜು, ಪೀಸು ಹೀಗೆ ಬರೆಯುತ್ತಿದ್ದರು:

28 40
30 60
32 40

ಮಾರನೇ ದಿನ ತೆರೆದರೆ "28 40 30 60 32 40". ಕಟಿಂಗ್ ಮಾಸ್ಟರ್ ಫೋನ್ ಮಾಡಿ, "ಸರ್, ಇದ್ರಾಗ ಸೈಜ್ ಯಾವ್ದು, ಪೀಸ್ ಯಾವ್ದು?" ಅಂದರು.

ತಪ್ಪು ನನ್ನದೇ. ಷರಾವನ್ನು ಆಟ್ರಿಬ್ಯೂಟ್‌ನಲ್ಲಿ, ಅಂದರೆ ಟ್ಯಾಗ್ ಒಳಗೇ ಕೋಟ್ ಹಾಕಿ ಬರೆಯುವ ಬೆಲೆಯಲ್ಲಿ ಇಟ್ಟಿದ್ದೆ. ಅಲ್ಲಿ ಬರೀ ಎಂಟರ್ ಒತ್ತಿದ ಸಾಲು ಇದ್ದರೆ ಪಾರ್ಸರ್ (ಎಕ್ಸ್‌ಎಂಎಲ್ ಓದುವ ಪ್ರೋಗ್ರಾಂ) ಓದುವಾಗಲೇ ಅದನ್ನು ಸ್ಪೇಸ್ ಮಾಡಿಬಿಡುತ್ತದೆ. ಅದು ಎಕ್ಸ್‌ಎಂಎಲ್‌ನ ನಿಯಮ. ಎಕ್ಸ್‌ಎಸ್‌ಎಲ್‌ಟಿ ಕೈಗೆ ಸಿಗುವ ಹೊತ್ತಿಗೆ ಸಾಲು ಹೋಗಿಯೇ ಇರುತ್ತದೆ. ನಾನು ಎರಡು ದಿನ ಸುಮ್ನೆ ಎಕ್ಸ್‌ಎಸ್‌ಎಲ್‌ಟಿ ಫೈಲ್ ತಿದ್ದುತ್ತಾ ಕೂತಿದ್ದೆ! ಸಾಲಿನ ಜಾಗದಲ್ಲಿ 
 (ಹೊಸಸಾಲಿನ ಸಂಕೇತ) ಅಂತ ಬರೆದರೆ ಉಳಿಯುತ್ತದೆ, ಆದರೆ ಷರಾವನ್ನು ಎಲಿಮೆಂಟ್ ಒಳಗೇ, ಅಂದರೆ ತೆರೆಯುವ ಮತ್ತು ಮುಚ್ಚುವ ಟ್ಯಾಗ್‌ಗಳ ನಡುವೆ ಇಟ್ಟರೆ ತಲೆನೋವಿಲ್ಲ. ಆಗಲೂ ಕೂಡಿಹೋದರೆ ಎಲ್ಲಾದರೂ ನಾರ್ಮಲೈಸ್-ಸ್ಪೇಸ್ (ಸಾಲು, ಸ್ಪೇಸುಗಳನ್ನು ಒಂದೇ ಸ್ಪೇಸ್ ಮಾಡುವ ಫಂಕ್ಷನ್) ಹಾಕಿದ್ದೀರಾ ನೋಡಿ. ಬಾಕ್ಸ್ ಟೆಕ್ಸ್ಟ್‌ಏರಿಯಾ (ಹಲವು ಸಾಲು ಬರೆಯುವ ಬಾಕ್ಸ್) ತಾನೇ? ಒಂದು ಸಾಲಿನ ಇನ್‌ಪುಟ್‌ನಲ್ಲಿ ಸಾಲು ನಿಲ್ಲುವುದೇ ಇಲ್ಲ.

ಇನ್ನು ಖಾಲಿ ಬಾಕ್ಸ್. ಎಕ್ಸ್‌ಎಸ್‌ಎಲ್‌ಟಿ ಪುಟವನ್ನು ಯಾವ ರೂಪದಲ್ಲಿ ಬರೆಯಬೇಕೆಂದು ಹೇಳುವ ಔಟ್‌ಪುಟ್ ಮೆಥಡ್ ಎಕ್ಸ್‌ಎಂಎಲ್ ಇದ್ದರೆ ಖಾಲಿ ಟೆಕ್ಸ್ಟ್‌ಏರಿಯಾ ಒಂದೇ ಟ್ಯಾಗ್‌ನಲ್ಲಿ, ಕೊನೆಗೆ ಅಡ್ಡಗೆರೆ ಹಾಕಿ ಮುಗಿದುಬಿಡಬಹುದು. ಎಚ್‌ಟಿಎಂಎಲ್ ಓದುವ ಬ್ರೌಸರ್ ಆ ಗೆರೆಗೆ ಕಿಮ್ಮತ್ತು ಕೊಡುವುದಿಲ್ಲ. ಮುಚ್ಚುವ ಟ್ಯಾಗ್ ಎಲ್ಲಿ ಅಂತ ಹುಡುಕುತ್ತಾ ಬಟನ್, ಫೂಟರ್ ಎಲ್ಲವನ್ನೂ ಬಾಕ್ಸಿಗೆ ತುಂಬುತ್ತದೆ. ಮೆಥಡ್ ಅನ್ನು ಎಚ್‌ಟಿಎಂಎಲ್ ಮಾಡಿ, ಸಾಕು.

ಮೆಥಡ್ ಬದಲಿಸಲು ಆಗದಿದ್ದರೆ ನಾನು ಮಾಡುವುದು ಹೀಗೆ. ಟೆಕ್ಸ್ಟ್‌ಏರಿಯಾ ತೆರೆದ ತಕ್ಷಣ ಎಕ್ಸ್‌ಎಸ್‌ಎಲ್ ಟೆಕ್ಸ್ಟ್ ಟ್ಯಾಗ್‌ನಲ್ಲಿ ಒಂದು 
 ಹಾಕಿ, ಆಮೇಲೆ ಷರಾ. ಬಾಕ್ಸಿನ ಮೊದಲ ಹೊಸಸಾಲನ್ನು ಬ್ರೌಸರ್ ತಾನೇ ನುಂಗುತ್ತದೆ, ಹಾಗಾಗಿ ಕಣ್ಣಿಗೆ ಕಾಣಲ್ಲ. ಬಾಕ್ಸ್ ಎಂದೂ ಪೂರ್ತಿ ಖಾಲಿ ಇರದ ಕಾರಣ ಟ್ಯಾಗ್ ಸರಿಯಾಗಿ ಮುಚ್ಚುತ್ತದೆ. ಯಾರಾದರೂ ಷರಾದ ಮೊದಲಲ್ಲಿ ಒಂದು ಖಾಲಿ ಸಾಲು ಬಿಟ್ಟಿದ್ದರೆ ಅದೂ ಉಳಿಯುತ್ತದೆ. ಇಲ್ಲದಿದ್ದರೆ ಸೇವ್ ಮಾಡಿದಾಗಲೆಲ್ಲ ಒಂದೊಂದು ಸಾಲು ಮಾಯ.

ಇನ್ನೊಂದು: ಡಿಸೇಬಲ್-ಔಟ್‌ಪುಟ್-ಎಸ್ಕೇಪಿಂಗ್ (ಬರೆದದ್ದರಲ್ಲಿನ ಟ್ಯಾಗ್ ಚಿಹ್ನೆಗಳನ್ನು ಸಂಕೇತ ಮಾಡದೆ ಹಾಗೇ ಪುಟಕ್ಕೆ ಬಿಡುವುದು) ಹಾಕಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಬರೆಯುವವರು ಷರಾದಲ್ಲಿ ಟೆಕ್ಸ್ಟ್‌ಏರಿಯಾ ಮುಚ್ಚುವ ಟ್ಯಾಗ್ ಹೊಡೆದರೆ ಬಾಕ್ಸ್ ಅಲ್ಲೇ ಮುಗಿದು, ಉಳಿದದ್ದು ಪುಟದ ಮೇಲೆ ಚೆಲ್ಲುತ್ತದೆ. ಅದರಲ್ಲಿ ಸ್ಕ್ರಿಪ್ಟ್ ಇದ್ದರೆ ಓಡಿಯೂ ಬಿಡುತ್ತದೆ.