ಓದುಗರ ಪ್ರಶ್ನೆ, ನಮ್ಮ ಉತ್ತರ: ಮೂಕಪ್ರಾಣಿಗಳ ಆರೈಕೆಗೆ ಹಣ ಹೊಂದಿಸುವ ಬಗೆ

ಪ್ರಶ್ನೆ: ನಾವು ಐದು ಮಂದಿ ಗೆಳತಿಯರು ಬೀದಿ ನಾಯಿಗಳಿಗೆ ಊಟ, ಔಷಧ ನೋಡಿಕೊಳ್ಳುತ್ತೇವೆ. ಜನ ಕೊಡುವ ದುಡ್ಡು ನನ್ನ ಸ್ವಂತ ಖಾತೆಗೆ ಫೋನ್‌ಪೇ ಮೂಲಕ ಬರುತ್ತದೆ. ಇದರಿಂದ ತೊಂದರೆ ಇದೆಯೇ? ಟ್ರಸ್ಟ್ ಮಾಡಲೇಬೇಕೇ? – ಓದುಗರು, ಹಾಸನ

ಉತ್ತರ: ತೊಂದರೆ ಇದೆ, ಅದೂ ನಿಮ್ಮೊಬ್ಬರ ತಲೆಗೆ ಬರುವಂಥದ್ದು. ಬಂಧುಗಳಲ್ಲದವರಿಂದ ಒಂದು ಆರ್ಥಿಕ ವರ್ಷದಲ್ಲಿ ಸುಮ್ಮನೆ ಬಂದ ಹಣ 50,000 ರೂಪಾಯಿ ದಾಟಿತೆಂದರೆ, ದಾಟಿದ ಭಾಗವಷ್ಟೇ ಅಲ್ಲ, ಇಡೀ ಮೊತ್ತವೇ ನಿಮ್ಮ ಆದಾಯವಾಗಿ ತೆರಿಗೆಗೆ ಒಳಪಡುತ್ತದೆ. ನೀವು ಅದನ್ನು ನಾಯಿಗಳ ಚಿಕಿತ್ಸೆಗೇ ಖರ್ಚು ಮಾಡಿರಬಹುದು, ಕಾನೂನಿನ ಕಣ್ಣಿಗೆ ಅದು ನಿಮಗೆ ಬಂದ ಉಡುಗೊರೆ. ಮನೆಯ ಗ್ಯಾಸ್ ಬಿಲ್ಲೂ ಆಂಟಿಬಯೋಟಿಕ್ ಬಿಲ್ಲೂ ಒಂದೇ ಪಾಸ್‌ಬುಕ್ಕಿನಲ್ಲಿ ಇದ್ದರೆ ನಾಳೆ ಯಾರಾದರೂ ಲೆಕ್ಕ ಕೇಳಿದಾಗ ಬಿಡಿಸಿ ತೋರಿಸುವುದೂ ಕಷ್ಟ.

ಇವತ್ತೇ ಮಾಡಬಹುದಾದ ಕೆಲಸ ಒಂದಿದೆ. ವೆಚ್ಚ ದೊಡ್ಡದಿದ್ದಾಗ ದಾನಿಗಳು ಪಶುವೈದ್ಯರ ಕ್ಲಿನಿಕ್ಕಿಗೇ ನೇರವಾಗಿ ಹಣ ಕಟ್ಟಲಿ. ಕ್ಲಿನಿಕ್ಕಿನ ಬಿಲ್ಲಿನ ಫೋಟೋ ನೀವು ಎಲ್ಲರಿಗೂ ಕಳಿಸಿ. ಆಗ ದುಡ್ಡು ನಿಮ್ಮ ಕೈಗೆ ಬರುವುದೇ ಇಲ್ಲ.

ಇನ್ನು ನೋಂದಣಿ. ಕರ್ನಾಟಕದ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಕಟ್ಟಲು ಕನಿಷ್ಠ 7 ಮಂದಿ ಬೇಕು, ಪ್ರತಿವರ್ಷ ಸರ್ವಸದಸ್ಯರ ಸಭೆ ನಡೆಸಿ ಕಾರ್ಯಕಾರಿ ಸಮಿತಿಯ ಪಟ್ಟಿ, ಲೆಕ್ಕಪತ್ರ ಸಲ್ಲಿಸುತ್ತಿರಬೇಕು. ನೀವು ಇರುವುದು ಐವರು. ಹಾಗಾಗಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸುವ ಸಾರ್ವಜನಿಕ ಟ್ರಸ್ಟೇ ನಿಮಗೆ ಸರಿ. ಟ್ರಸ್ಟ್ ಡೀಡನ್ನು ಪಕ್ಕದ ಅಂಗಡಿಯ ಟೈಪಿಸ್ಟ್ ಬಳಿ ಇರುವ ಹಳೆಯ ನಮೂನೆಯಿಂದ ನಕಲು ಮಾಡಿಸಬೇಡಿ. ಎರಡು ಮಾತು ಅದರಲ್ಲಿ ಇರಲೇಬೇಕು: ಟ್ರಸ್ಟನ್ನು ಹಿಂಪಡೆಯಲು ಆಗದು ಎಂಬುದು ಒಂದು, ಟ್ರಸ್ಟ್ ಮುಚ್ಚಿದರೆ ಉಳಿದ ಆಸ್ತಿ ಇದೇ ಉದ್ದೇಶದ ಇನ್ನೊಂದು ಸಂಸ್ಥೆಗೆ ಹೋಗುತ್ತದೆ ಎಂಬುದು ಇನ್ನೊಂದು. ಈ ಎರಡನೆಯದು ಬಿಟ್ಟುಹೋಗಿ ಆದಾಯ ತೆರಿಗೆ ಇಲಾಖೆಯಲ್ಲಿ 12ಎಬಿ ನೋಂದಣಿಗೆ (ಸಂಸ್ಥೆಯ ಆದಾಯಕ್ಕೆ ತೆರಿಗೆ ವಿನಾಯಿತಿ ಕೊಡುವಂಥದ್ದು) ಆಕ್ಷೇಪಣೆ ಬರುವುದು ಮಾಮೂಲು. ಆಮೇಲೆ ಡೀಡ್ ತಿದ್ದುವುದು ಹೊಸದಾಗಿ ಬರೆಯುವುದಕ್ಕಿಂತ ಫಜೀತಿ. ಡೀಡ್ ಕೈಗೆ ಬಂದ ಮೇಲೆ ಟ್ರಸ್ಟಿನ ಹೆಸರಿನಲ್ಲಿ ಪ್ಯಾನ್, ಇಬ್ಬರ ಸಹಿಯ ಬ್ಯಾಂಕ್ ಖಾತೆ, ನಂತರ 12ಎಬಿ ಮತ್ತು 80ಜಿಗೆ (ದಾನಿಗಳಿಗೆ ತೆರಿಗೆ ವಿನಾಯಿತಿ ಕೊಡಿಸುವ ಮಾನ್ಯತೆ) ಆನ್‌ಲೈನ್ ಅರ್ಜಿ, ಕೊನೆಗೆ ಸ್ವಯಂಸೇವಾ ಸಂಸ್ಥೆಗಳನ್ನು ದಾಖಲಿಸುವ ನೀತಿ ಆಯೋಗದ ದರ್ಪಣ್ ಪೋರ್ಟಲ್ ಸಂಖ್ಯೆ. ಮೊದಲು ಸಿಗುವುದು 3 ವರ್ಷದ ತಾತ್ಕಾಲಿಕ ನೋಂದಣಿ. ಅದನ್ನು ನಿಯಮಿತ ನೋಂದಣಿಯಾಗಿ ಬದಲಿಸಿಕೊಳ್ಳುವ ಗಡುವು ಮರೆತು ಎಲ್ಲವನ್ನೂ ಕಳೆದುಕೊಂಡ ಸಂಸ್ಥೆಗಳಿವೆ. ಆ ತಾರೀಖನ್ನು ಆಡಿಟರ್ ಬಳಿ ಕೇಳಿ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಪ್ರಶ್ನೆ: ಅಪಘಾತವಾದ ನಾಯಿಯ ಫೋಟೋ ಹಾಕಿದರೆ ಮೊದಮೊದಲು ದುಡ್ಡು ಬರುತ್ತಿತ್ತು. ಈಗ ಯಾರೂ ತಿರುಗಿ ನೋಡುತ್ತಿಲ್ಲ. ಜನರಿಗೆ ಕರುಣೆ ಕಡಿಮೆಯಾಯಿತೇ? – ಓದುಗರು, ಶಿರಸಿ

ಉತ್ತರ: ಕರುಣೆ ಅಲ್ಲೇ ಇದೆ. ಹಿಂದಿನ ಸಲ ಕೊಟ್ಟ 500 ರೂಪಾಯಿ ಏನಾಯಿತು ಎಂದು ಅವರಿಗೆ ಗೊತ್ತಾಗಿಲ್ಲ, ಅಷ್ಟೇ. ವಾರಕ್ಕೆ ಮೂರು ಸಲ ‘ತುರ್ತು’ ಎಂದರೆ ತುರ್ತಿನ ಅರ್ಥವೇ ಹೋಗುತ್ತದೆ. ರಕ್ತಸಿಕ್ತ ಫೋಟೋ ಕಂಡ ತಕ್ಷಣ ಜನ ಬೆರಳಾಡಿಸಿ ಮುಂದೆ ಹೋಗುತ್ತಾರೆ. ನೋಡಲಾಗದೆ ಹೋಗುತ್ತಾರೆ, ಅವರನ್ನು ದೂರಿ ಫಲವಿಲ್ಲ. ನಾಯಿಯ ಮುಖ ಕಾಣುವ, ಬ್ಯಾಂಡೇಜ್ ಕಟ್ಟಿದ ಮೇಲಿನ ಒಂದು ಫೋಟೋ ಸಾಕು.

ಮನವಿ ಹೀಗಿರಲಿ: ‘ಎರಡು ವರ್ಷದ ಹೆಣ್ಣು ನಾಯಿ. ಬಲ ಹಿಂಗಾಲಿನ ತೊಡೆಮೂಳೆ ಮುರಿದಿದೆ. ವೈದ್ಯರ ಅಂದಾಜು ಪತ್ರ ಕೆಳಗಿದೆ. ಶಸ್ತ್ರಚಿಕಿತ್ಸೆ ಮತ್ತು ಪ್ಲೇಟಿಗೆ 15,000, ಎರಡು ಎಕ್ಸ್‌ರೇಗೆ 1,500, 45 ದಿನದ ಊಟ ಔಷಧಿಗೆ 6,500. ಒಟ್ಟು 23,000 ರೂಪಾಯಿ. ಅಷ್ಟು ಸೇರಿದ ಕೂಡಲೇ ಸಂಗ್ರಹ ನಿಲ್ಲಿಸುತ್ತೇವೆ. ಹೆಚ್ಚು ಉಳಿದರೆ, ಅಥವಾ ನಾಯಿ ಬದುಕದೆ ಹೋದರೆ, ಉಳಿದದ್ದು ನಮ್ಮ ಚಿಕಿತ್ಸಾ ನಿಧಿಗೆ ಸೇರುತ್ತದೆ.’ ಅಂಕಿಗಳು ಮಾದರಿಗೆ ಮಾತ್ರ, ನಿಮ್ಮ ವೈದ್ಯರ ಅಂದಾಜನ್ನೇ ಹಾಕಿ. ಕೊನೆಯ ವಾಕ್ಯವನ್ನು ಬರೆಯಲು ಬಹಳ ಮಂದಿ ಹಿಂಜರಿಯುತ್ತಾರೆ. ಜಗಳ ಹುಟ್ಟುವುದೇ ಅದಿಲ್ಲದ ಕಡೆ. ನಾಯಿ ಸತ್ತರೆ ಅದನ್ನೂ ಅದೇ ದಿನ ತಿಳಿಸಿ, ಬಿಲ್ ಸಮೇತ. ಸಾವನ್ನು ಮುಚ್ಚಿಟ್ಟು ಸಂಗ್ರಹ ಮುಂದುವರಿಸಿದ ಸುದ್ದಿ ಒಮ್ಮೆ ಹೊರಬಿದ್ದರೆ ಆ ಊರಿನಲ್ಲಿ ಮತ್ತೆ ಯಾರೂ ಕೊಡುವುದಿಲ್ಲ. ಬದುಕಿದರೆ 3ನೇ ದಿನ, 15ನೇ ದಿನ, 45ನೇ ದಿನ ಒಂದೊಂದು ಫೋಟೋ. ಕಾಲೂರಿ ನಡೆಯುವ ಹತ್ತು ಸೆಕೆಂಡಿನ ವಿಡಿಯೋ ಮುಂದಿನ ಹತ್ತು ಮನವಿಗಿಂತ ಹೆಚ್ಚಿನದು.

ಆದರೂ ತುರ್ತು ಮನವಿಯಿಂದ ಸಂಸ್ಥೆ ನಡೆಯುವುದಿಲ್ಲ. ನಡೆಸುವುದು ತಿಂಗಳು ತಿಂಗಳು 200, 300 ಕೊಡುವವರು. ಲೆಕ್ಕ ಊಟದಿಂದ ಶುರುವಾಗಲಿ. 15 ಕೆಜಿ ತೂಕದ ಬೆಳೆದ ನಾಯಿಗೆ ದಿನಕ್ಕೆ ಸುಮಾರು 850 ಕ್ಯಾಲರಿ, ಅಂದರೆ ಒಣ ಆಹಾರವಾದರೆ 240 ಗ್ರಾಂ ಆಸುಪಾಸು. 30 ನಾಯಿಗೆ ದಿನಕ್ಕೆ 7.2 ಕೆಜಿ, ತಿಂಗಳಿಗೆ 216 ಕೆಜಿ, 20 ಕೆಜಿಯ 11 ಚೀಲ. ಇದಕ್ಕೆ ಲಸಿಕೆ, ಜಂತುಹುಳುವಿನ ಔಷಧ, ಕೆಲಸದವರ ಸಂಬಳ, ಬಾಡಿಗೆ, ವಾಹನದ ಪೆಟ್ರೋಲ್ ಸೇರಿಸಿ. ತಿಂಗಳಿಗೆ 45,000 ಬಂತು ಎನ್ನಿ, 300ರಂತೆ 150 ಮಂದಿ ಬೇಕು. ‘ಸಹಾಯ ಮಾಡಿ’ ಎನ್ನುವ ಬದಲು ‘150ರಲ್ಲಿ 62 ಮಂದಿ ಸೇರಿದ್ದಾರೆ’ ಎಂದು ಬರೆಯಿರಿ.

ಹೀಗೆ ಸೇರಿದವರಿಗೆ ಯುಪಿಐ ಆಟೋಪೇ ಮಾಡಿಸಿ, 15,000 ರೂಪಾಯಿವರೆಗಿನ ಕಂತಿಗೆ ಪ್ರತಿಸಲ ಪಿನ್ ಒತ್ತಬೇಕಿಲ್ಲ. ಹಣ ಕಡಿತವಾಗುವ ದಿನ ತಿಂಗಳ 5 ಅಥವಾ 7 ಇರಲಿ. 25ಕ್ಕೆ ಇಟ್ಟರೆ ಖಾತೆಯಲ್ಲಿ ಬ್ಯಾಲೆನ್ಸ್ ಇಲ್ಲದೆ ಕಂತು ತಪ್ಪುತ್ತದೆ. ಕಡಿತಕ್ಕೆ 24 ಗಂಟೆ ಮುಂಚೆ ದಾನಿಗೆ ಸೂಚನೆಯ ಸಂದೇಶ ಹೋಗುತ್ತದೆ, ರದ್ದು ಮಾಡುವವರು ಮಾಡುವುದು ಆ ಸಂದೇಶ ಕಂಡಾಗಲೇ. ಅದಕ್ಕೆ 3ನೇ ತಾರೀಖೇ ಒಂದು ಒಳ್ಳೆಯ ಸುದ್ದಿ, ಒಂದು ಫೋಟೋ ಅವರ ವಾಟ್ಸ್‌ಆ್ಯಪ್ ತಲುಪಿರಲಿ.

ಪ್ರಶ್ನೆ: ನಮ್ಮ ಶೆಲ್ಟರಿಗೆ ಜನ ಹಣಕ್ಕಿಂತ ಸಾಮಾನು ಕೊಡುವುದೇ ಹೆಚ್ಚು. ಬೇಡ ಎನ್ನಲು ಸಂಕೋಚ. – ಓದುಗರು, ಮೈಸೂರು

ಉತ್ತರ: ಪಟ್ಟಿ ಬರೆದು ಗೇಟಿಗೆ ಅಂಟಿಸಿದರೆ ಸಂಕೋಚ ತಾನಾಗಿ ಕಳೆಯುತ್ತದೆ. ಬೇಕಾದ್ದು: ಹಳೆಯ ಕಾಟನ್ ಬೆಡ್‌ಶೀಟ್, ಟವೆಲ್, ನ್ಯೂಸ್‌ಪೇಪರ್, ಗೋಣಿಚೀಲ, ಅಕ್ಕಿ, ಸ್ಟೀಲ್ ಬೋಗುಣಿ, ಹತ್ತಿ ಮತ್ತು ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆ. ಬೇಡದ್ದು: ಹತ್ತಿ ತುಂಬಿದ ದಿಂಬು, ರಜಾಯಿ. ನಾಯಿಗಳು ಅದನ್ನು ಹರಿದು ನುಂಗುತ್ತವೆ, ಕರುಳಿಗೆ ಸಿಕ್ಕಿಕೊಂಡರೆ ಶಸ್ತ್ರಚಿಕಿತ್ಸೆಯೇ ಗತಿ. ಮನೆಯಲ್ಲಿ ಉಳಿದ ಮನುಷ್ಯರ ಮಾತ್ರೆಗಳೂ ಬೇಡ; ಒಂದು ಪ್ಯಾರಾಸಿಟಮಾಲ್ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು.

ಎಲ್ಲಕ್ಕಿಂತ ಹೆಚ್ಚಾಗಿ ಬರುವುದು ಫಿನಾಯಿಲ್ ಕ್ಯಾನ್. ಬೆಕ್ಕುಗಳಿರುವ ಕಡೆ ಅದನ್ನು ಬಳಸಲೇಬೇಡಿ. ಫಿನಾಲ್ ಅಂಶವನ್ನು ಬೆಕ್ಕಿನ ಪಿತ್ತಜನಕಾಂಗ ಸರಿಯಾಗಿ ಕರಗಿಸಲಾರದು, ಪಾದಕ್ಕೆ ಮೆತ್ತಿದ್ದನ್ನು ನೆಕ್ಕಿಕೊಂಡೇ ವಿಷವೇರುತ್ತದೆ. ಅದರ ಬದಲು ಬ್ಲೀಚ್ ದ್ರಾವಣ ಕೇಳಿ ಪಡೆಯಿರಿ. ನೆಲದ ಮಲ, ಮಣ್ಣು ಮೊದಲು ತೊಳೆದು, ಒಂದು ಪಾಲು ಬ್ಲೀಚಿಗೆ 30 ಪಾಲು ನೀರು ಬೆರೆಸಿ, 10 ನಿಮಿಷ ನೆಲ ಒದ್ದೆಯಾಗಿಯೇ ಇರುವಂತೆ ಬಿಟ್ಟು, ಆಮೇಲೆ ನೀರು ಹಾಕಿ. ನಾಯಿಮರಿಗಳ ಪ್ರಾಣ ತೆಗೆಯುವ ಪಾರ್ವೋ ವೈರಸ್ ಸಾಯುವುದು ಹೀಗೆ. ಕೊಳೆ ತೆಗೆಯದೆ ಮೇಲಿಂದ ಸುರಿದರೆ ಬ್ಲೀಚ್ ಹಾಳು, ವೈರಸ್ ಹಾಗೇ.

ಸಾಮಾನು ಕೊಟ್ಟವರು 80ಜಿ ರಸೀದಿ ಕೇಳಿದರೆ ಕೊಡಬೇಡಿ. ಆ ವಿನಾಯಿತಿ ಹಣಕ್ಕೆ ಮಾತ್ರ.

ಪ್ರಶ್ನೆ: 80ಜಿ ರಸೀದಿ ಕೊಟ್ಟಿದ್ದರೂ ತೆರಿಗೆ ವಿನಾಯಿತಿ ಸಿಗಲಿಲ್ಲ ಎಂದು ಇಬ್ಬರು ದಾನಿಗಳು ಬೇಸರಿಸಿಕೊಂಡಿದ್ದಾರೆ. – ಓದುಗರು, ದಾವಣಗೆರೆ

ಉತ್ತರ: ರಸೀದಿ ಪುಸ್ತಕದ ಹಾಳೆಯೊಂದೇ ಈಗ ಸಾಲದು. ವರ್ಷದ ದಾನಿಗಳ ಪಟ್ಟಿಯನ್ನು, ಅಂದರೆ ಎಲ್ಲರೂ 10ಬಿಡಿ ಎನ್ನುತ್ತಿರುವ ನಮೂನೆಯನ್ನು, ಮೇ 31ರೊಳಗೆ ಸಲ್ಲಿಸಿ, ಪೋರ್ಟಲ್‌ನಿಂದ ಬರುವ 10ಬಿಇ ಪ್ರಮಾಣಪತ್ರ ದಾನಿಗೆ ಕೊಡಬೇಕು. ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ. ದಾನಿಯ ಪ್ಯಾನಿನಲ್ಲಿ ಒಂದಕ್ಷರ ತಪ್ಪಾದರೂ ಅವರ ರಿಟರ್ನಿಗೆ ತಾಳೆಯಾಗದು. ಯುಪಿಐ ಸ್ಟೇಟ್‌ಮೆಂಟಿನಲ್ಲಿ ಕಾಣುವ ಹೆಸರನ್ನು ನಂಬಬೇಡಿ, ಎಷ್ಟೋ ಸಲ ಅದು ಮಗನ ಖಾತೆ, ಗಂಡನ ಖಾತೆ. ಹಣ ಬಂದ ದಿನವೇ ಪ್ಯಾನ್, ವಿಳಾಸ, 12 ಅಂಕಿಯ ಯುಪಿಐ ವ್ಯವಹಾರ ಸಂಖ್ಯೆ ತುಂಬುವ ಒಂದು ಗೂಗಲ್ ಫಾರಂ ಕಳಿಸಿಬಿಡಿ. ಮೇ ತಿಂಗಳಲ್ಲಿ ಹುಡುಕಲು ಕೂತರೆ ಅರ್ಧದಷ್ಟು ಜನ ಫೋನ್ ಎತ್ತುವುದಿಲ್ಲ.

ಉಳಿದ ಎರಡು ಕಾರಣಗಳು ನಿಮ್ಮ ಕೈಯಲ್ಲಿಲ್ಲ: 2,000 ರೂಪಾಯಿ ಮೀರಿದ ನಗದು ದಾನಕ್ಕೆ ವಿನಾಯಿತಿ ಇಲ್ಲ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಇಲ್ಲ. ಕೊಡುವ ಮೊದಲೇ ಇದನ್ನು ತಿಳಿಸಿ. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಯಾಗಿರುವುದರಿಂದ ಕಲಂ ಸಂಖ್ಯೆಗಳು ಬದಲಾಗಿವೆ, ರಸೀದಿ ಅಚ್ಚು ಹಾಕಿಸುವ ಮುನ್ನ ಆಡಿಟರ್‌ಗೆ ತೋರಿಸಿ.

ಪ್ರಶ್ನೆ: ನಾನು ಅಮೆರಿಕದಲ್ಲಿದ್ದೇನೆ. ಹುಟ್ಟೂರಿನ ಗೋಶಾಲೆಗೆ, ನಾಯಿಗಳ ಶೆಲ್ಟರಿಗೆ ಹಣ ಕಳಿಸಬೇಕು. ಅವರಿಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಪಡೆಯಲು ಬೇಕಾದ ನೋಂದಣಿ) ಇಲ್ಲ. – ಓದುಗರು, ನ್ಯೂಜೆರ್ಸಿ

ಉತ್ತರ: ನಿಮ್ಮ ಪಾಸ್‌ಪೋರ್ಟ್ ಯಾವ ದೇಶದ್ದು ಎಂಬುದೇ ಇಲ್ಲಿ ಮುಖ್ಯ. ಇನ್ನೂ ಭಾರತದ ಪಾಸ್‌ಪೋರ್ಟ್ ಇದ್ದರೆ ನಿಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸುವ ಹಣ ವಿದೇಶಿ ದೇಣಿಗೆ ಎನಿಸುವುದಿಲ್ಲ. ಸಂಸ್ಥೆಯವರು ನಿಮ್ಮ ಪಾಸ್‌ಪೋರ್ಟಿನ ಪ್ರತಿಯನ್ನು ರಸೀದಿಯ ಜೊತೆ ಫೈಲು ಮಾಡಿಟ್ಟುಕೊಳ್ಳಲಿ. ಅಮೆರಿಕದ ಪೌರತ್ವ ಪಡೆದು ಓಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೆ ನೀವು ವಿದೇಶಿ ಮೂಲ. ಇಲ್ಲಿನ ಖಾತೆಯಿಂದ ರೂಪಾಯಿಯಲ್ಲೇ ಕೊಟ್ಟರೂ ಅದು ವಿದೇಶಿ ದೇಣಿಗೆಯೇ. ಅಲ್ಲಿನ ಕನ್ನಡ ಕೂಟ ಸಂಗ್ರಹಿಸಿದ ಹಣವೂ, ನಿಮ್ಮ ಅಮೆರಿಕದ ಕಂಪನಿ ಸೇರಿಸುವ ಸಮಪಾಲೂ ಹಾಗೆಯೇ. ಎಫ್‌ಸಿಆರ್‌ಎ ಇರುವ ಪರಿಚಯದ ಸಂಸ್ಥೆಗೆ ಕಳಿಸಿ ಅಲ್ಲಿಂದ ದಾಟಿಸುವ ದಾರಿ 2020ರ ತಿದ್ದುಪಡಿಯಿಂದ ಮುಚ್ಚಿದೆ. ಪೌರತ್ವ ಬದಲಾಗಿದ್ದರೆ ಎಫ್‌ಸಿಆರ್‌ಎ ನೋಂದಣಿ ಇರುವ ಪ್ರಾಣಿ ಸಂಸ್ಥೆಯನ್ನೇ ಆರಿಸಿಕೊಳ್ಳಿ. ಹುಟ್ಟೂರಿನವರನ್ನು ಪ್ರೀತಿಯಿಂದಲೇ ಆದರೂ ಕೇಸಿಗೆ ಸಿಕ್ಕಿಸಬಾರದು.

ಪ್ರಶ್ನೆ: ಗಣೇಶ ಹಬ್ಬದಲ್ಲಿ 100 ರೂಪಾಯಿ ಟಿಕೆಟ್ಟಿನ ಲಕ್ಕಿ ಡಿಪ್ ಇಟ್ಟು ನಾಯಿಗಳ ಲಸಿಕೆಗೆ ಹಣ ಎತ್ತಬಹುದೇ? – ಓದುಗರು, ತುಮಕೂರು

ಉತ್ತರ: ಬೇಡ. ಕರ್ನಾಟಕದಲ್ಲಿ 2007ರಿಂದ ಲಾಟರಿ ನಿಷೇಧವಿದೆ, ಟಿಕೆಟ್ ಮಾರಿ ಚೀಟಿ ಎತ್ತಿ ಬಹುಮಾನ ಕೊಡುವುದು ಉದ್ದೇಶ ಒಳ್ಳೆಯದಿದ್ದರೂ ಲಾಟರಿಯ ವ್ಯಾಖ್ಯೆಗೆ ಬೀಳುವ ಅಪಾಯವಿದೆ. ಪೆಂಡಾಲಿನ ಪಕ್ಕ ಕೋಸಂಬರಿ, ಚರುಮುರಿ ಮಾರಿ. ಇಲ್ಲವೇ ಬೀಗ ಹಾಕಿದ ಕಾಣಿಕೆ ಡಬ್ಬಿ ಇಡಿ: ಇಬ್ಬರ ಎದುರು ತೆರೆಯುವುದು, ಎಣಿಸಿ ಇಬ್ಬರೂ ಸಹಿ ಹಾಕುವುದು, ಮರುದಿನವೇ ಬ್ಯಾಂಕಿಗೆ ಕಟ್ಟುವುದು. ಹೆಸರಿಲ್ಲದ ದಾನ ವರ್ಷಕ್ಕೆ 1 ಲಕ್ಷ ಅಥವಾ ಒಟ್ಟು ದಾನದ ಶೇ 5, ಯಾವುದು ಹೆಚ್ಚೋ ಅದನ್ನು ಮೀರಿದರೆ ಮೀರಿದ ಮೊತ್ತಕ್ಕೆ ಶೇ 30 ತೆರಿಗೆ ಬೀಳುತ್ತದೆ ಎಂಬುದು ನೆನಪಿರಲಿ.

ಪ್ರಶ್ನೆ: ಕಂಪನಿಯೊಂದು ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಹಣದಲ್ಲಿ ಆಂಬುಲೆನ್ಸ್ ಕೊಡುತ್ತೇವೆ ಎಂದಿದೆ. ಒಪ್ಪಿಕೊಳ್ಳಬಹುದೇ? – ಓದುಗರು, ಹುಬ್ಬಳ್ಳಿ

ಉತ್ತರ: 2013ರ ಕಂಪನಿ ಕಾಯ್ದೆಯ 7ನೇ ಅನುಸೂಚಿಯಲ್ಲಿ ಪ್ರಾಣಿ ಕಲ್ಯಾಣದ ಹೆಸರು ನೇರವಾಗಿಯೇ ಇದೆ, ಹಾಗಾಗಿ ಕೇಳಲು ಹಿಂಜರಿಕೆ ಬೇಡ. ನಿಮ್ಮ ಬಳಿ 12ಎಬಿ, 80ಜಿ, ಸಿಎಸ್‌ಆರ್ ಹಣ ಪಡೆಯಲು ಬೇಕಾದ ಸಿಎಸ್‌ಆರ್-1 ನೋಂದಣಿ ಸಂಖ್ಯೆ, 3 ವರ್ಷದ ಕೆಲಸದ ದಾಖಲೆ ಇರಬೇಕು.

ಆದರೆ ಬರೀ ಗಾಡಿ ಒಪ್ಪಿಕೊಳ್ಳಬೇಡಿ. ಚಾಲಕನ ಸಂಬಳ, ಡೀಸೆಲ್, ವಿಮೆ, ನಾಯಿ ಹಿಡಿಯುವ ಸಹಾಯಕ, ಇವಕ್ಕೆ ಕನಿಷ್ಠ 2 ವರ್ಷದ ಹಣ ಸೇರಿಸಿ ಎಂದು ಎರಡೇ ಪುಟದ ಪ್ರಸ್ತಾವನೆ ಕೊಡಿ. ಉದ್ಘಾಟನೆಯ ಟೇಪು ಕತ್ತರಿಸಿ ಆರು ತಿಂಗಳಿಗೆ ಟೈರು ಕೂತು ಶೆಲ್ಟರಿನ ಅಂಗಳದಲ್ಲಿ ನಿಂತ ಗಾಡಿಗಳು ಬೇಕಾದಷ್ಟಿವೆ, ಒಳಗೆ ಅಕ್ಕಿ ಮೂಟೆ ಇಟ್ಟಿರುತ್ತಾರೆ. ಇನ್ನೊಂದು ಎಚ್ಚರ: ‘ವರ್ಷಕ್ಕೆ 1,000 ನಾಯಿಗೆ ಸಂತಾನಹರಣ ಚಿಕಿತ್ಸೆ’ ಎಂದು ಪ್ರಸ್ತಾವನೆಯಲ್ಲಿ ಬರೆಯಬೇಡಿ. 2023ರ ಎಬಿಸಿ (ಪ್ರಾಣಿ ಸಂತಾನ ನಿಯಂತ್ರಣ) ನಿಯಮಗಳ ಪ್ರಕಾರ ಬೀದಿ ನಾಯಿಗಳಿಗೆ ಆ ಕಾರ್ಯಕ್ರಮ ನಡೆಸಲು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಯೋಜನಾ ಮಾನ್ಯತೆ ಬೇಕು. ಅದು ಕೈಗೆ ಬರುವ ತನಕ ಗಾಯಗೊಂಡ ಪ್ರಾಣಿಗಳ ಸಾಗಣೆ, ಚಿಕಿತ್ಸೆ ಇಷ್ಟನ್ನೇ ಬರೆದು, ತಿಂಗಳಿಗೆ ಎಷ್ಟು ಕರೆಗೆ ಹೋಗಬಲ್ಲಿರೋ ಆ ಸಂಖ್ಯೆ ಹಾಕಿ.