ಹೋಟೆಲ್ ಕಾರ್ಡ್ ಬೇಕಾ?

ಪ್ರಶ್ನೆ: ಕೆಲಸಕ್ಕೆಂದು ಉಡುಪಿಯಿಂದ ಆಗಾಗ ಬೆಂಗಳೂರಿಗೆ ಹೋಗುತ್ತೇನೆ. ಎಚ್‌ಡಿಎಫ್‌ಸಿಯ ಮ್ಯಾರಿಯಟ್ ಬಾನ್‌ವಾಯ್ ಕ್ರೆಡಿಟ್ ಕಾರ್ಡ್ ಮಾಡಿಸಲಾ?

ಉತ್ತರ: ಬಾನ್‌ವಾಯ್ ಎಂದರೆ ಮ್ಯಾರಿಯಟ್ ಹೋಟೆಲ್ ಗುಂಪಿನ ಸದಸ್ಯತ್ವ ಯೋಜನೆ, ತಂಗಿದಾಗ ಸಿಗುವ ಪಾಯಿಂಟ್ ಕೊಟ್ಟು ಮುಂದೆ ರೂಮ್ ಪಡೆಯಬಹುದು. ಈ ಪಾಯಿಂಟ್ ಸೇರಿಸಲು ಕಾರ್ಡೇ ಬೇಕೆಂದಿಲ್ಲ. ಬಾನ್‌ವಾಯ್ ಸದಸ್ಯತ್ವ ಉಚಿತ, ಇವತ್ತೇ ಸೇರಿಕೊಳ್ಳಿ. ಆದರೆ ರೂಮ್ ಬುಕ್ ಮಾಡುವಾಗ ಮ್ಯಾರಿಯಟ್‌ನ ಆ್ಯಪ್‌ನಲ್ಲೇ ಮಾಡಿ, ಬೇರೆ ಟ್ರಾವೆಲ್ ಆ್ಯಪ್‌ನಲ್ಲಿ ಮಾಡಿದರೆ ಸಾಮಾನ್ಯವಾಗಿ ಪಾಯಿಂಟ್ ಸಿಗುವುದಿಲ್ಲ, ಎಷ್ಟೋ ಜನ ಇಲ್ಲೇ ಸುಮ್ನೆ ಕಳೆದುಕೊಳ್ಳುತ್ತಾರೆ. ಕಾರ್ಡ್ 2023ರಲ್ಲಿ ಬಂದಾಗ ವಾರ್ಷಿಕ ಶುಲ್ಕ 3,000 ರೂಪಾಯಿ, ಜಿಎಸ್‌ಟಿ ಬೇರೆ. ಅದಕ್ಕೆ ಬದಲಾಗಿ 15,000 ಪಾಯಿಂಟ್‌ವರೆಗಿನ ರೂಮಿನಲ್ಲಿ ಒಂದು ರಾತ್ರಿ ಉಚಿತ. ಆ ರಾತ್ರಿಯನ್ನು ಮರೆಯದೆ ಬಳಸುತ್ತೀರಾದರೆ ಖಂಡಿತ ಮಾಡಿಸಿ. ಮಂಗಳೂರಿನ ವಿವಾಂತ ಹೋಟೆಲ್ ತಾಜ್ ಗುಂಪಿನದು, ಅಲ್ಲಿ ಈ ಪಾಯಿಂಟ್ ನಡೆಯುವುದಿಲ್ಲ, ಗೊತ್ತಿರಲಿ. ಇನ್ನೊಂದು ಮಾತು, ಬಿಲ್ ಪೂರ್ತಿ ಕಟ್ಟದೆ ಉಳಿಸಿಕೊಳ್ಳುವ ಅಭ್ಯಾಸವಿದ್ದರೆ ಯಾವ ಕಾರ್ಡೂ ಬೇಡ, ಬಡ್ಡಿ ಪಾಯಿಂಟ್‌ಗಿಂತ ಎಷ್ಟೋ ಜಾಸ್ತಿ.